ಹಿರಿಯ ನಟಿಯ ಆತ್ಮಕಥೆ: ಕೇಳುವುದು, ಹೊಂದಿಸುವುದು, ಅಚ್ಚಿಗೆ ಕೊಡುವುದು

ಕಂಪನಿ ನಾಟಕದಲ್ಲಿ ಪಾರ್ಟು ಮಾಡಿ, ಅಲ್ಲಿಂದ ಮದರಾಸಿನ ಸ್ಟುಡಿಯೋಗಳಿಗೆ ಹೋಗಿ, ಕೊನೆಗೆ ಬಳ್ಳಾರಿಗೋ ರಾಯಚೂರಿಗೋ ಕೊಪ್ಪಳಕ್ಕೋ ಬಂದು ನೆಲೆಸಿದ ನಟಿಯೊಬ್ಬರು ತಮ್ಮ ಬದುಕನ್ನು ಪುಸ್ತಕ ಮಾಡಲು ಮನಸ್ಸು ಮಾಡಿದ್ದಾರೆ ಎನ್ನಿ. ಎಂಬತ್ತರ ವಯಸ್ಸಿನಲ್ಲಿ ಪೆನ್ನು ಹಿಡಿದರೆ ಕೈ ಸೋಲುತ್ತದೆ, ಮಾತಿಗೆ ಕೂತರೆ ಎರಡು ತಾಸು ಸರಿದದ್ದೇ ತಿಳಿಯುವುದಿಲ್ಲ. ಆದ್ದರಿಂದ ಪುಸ್ತಕ ಮಾತಿನಿಂದಲೇ ಹುಟ್ಟಬೇಕು. ಕೂತು ಕೇಳಿ, ಬರೆದು ಹೊಂದಿಸಿಕೊಡುವವರಿಗೆ ಈ ಬರಹ. ಕೆಲಸದುದ್ದಕ್ಕೂ ಎರಡನ್ನು ಬೇರೆಯಾಗಿಟ್ಟುಕೊಳ್ಳಿ: ಮಾತು ಪೂರ್ತಿ ಅವರದೇ ಇರಬೇಕು, ಇಸವಿ, ಹೆಸರು, ಬ್ಯಾನರು (ಚಿತ್ರ ತೆಗೆದ ಸಂಸ್ಥೆ) ಕಾಗದದಲ್ಲಿ ಸಿಕ್ಕದ್ದಾಗಿರಬೇಕು. ಇವೆರಡು ಕಲೆತ ಕಡೆ ಆತ್ಮಕಥೆ ಕೆಡುತ್ತದೆ.

ಮೊದಲು ಒಪ್ಪಂದ

ರೆಕಾರ್ಡಿಂಗ್‌ಗೆ ಮುಂಚೆ ಒಂದು ಪುಟದ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿ. ಲೇಖಕಿ ಅವರು, ನಿಮ್ಮ ಹೆಸರು 'ನಿರೂಪಣೆ' ಎಂದು ಬರುತ್ತದೆ, ಗೌರವಧನ ಇಂತಿಷ್ಟು, ಧ್ವನಿಮುದ್ರಿಕೆ ಯಾರ ಹತ್ತಿರ ಇರುತ್ತದೆ, 'ಇದು ಬೇಡ' ಎಂದು ಅವರು ಹೇಳಿದ ಭಾಗ ಅಳಿಸಲಾಗುತ್ತದೆ. ಈ ಐದೂ ಅದರಲ್ಲಿರಲಿ. ಮಕ್ಕಳು, ಮೊಮ್ಮಕ್ಕಳಿಗೆ ಅವತ್ತೇ ಓದಿ ಹೇಳಿ. ಪುಸ್ತಕ ಮುಗಿಯುವ ಹೊತ್ತಿಗೆ ಮನೆಯವರು ತಡೆಯುವುದು ಬಹುತೇಕ ಈ ಕಾಗದ ಇಲ್ಲದ ಕಡೆಯೇ.

ಕೂರುವುದು, ಕೇಳುವುದು

ಮೊಬೈಲ್ ಸಾಕು, ಆದರೆ ಫ್ಲೈಟ್ ಮೋಡ್‌ನಲ್ಲಿರಲಿ. ಮಡಚಿದ ಟವೆಲ್ ಮೇಲೆ, ಅವರ ಬಾಯಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ನಮ್ಮ ಕಡೆ ದೊಡ್ಡ ಶತ್ರು ಫ್ಯಾನು. ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಫ್ಯಾನು ಆರಿಸಿ ಎನ್ನಲು ಬಾಯಿ ಬರುವುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಕೂತರೆ ಆ ಗೊಡವೆ ಇಲ್ಲ, ಅವರ ದನಿಯೂ ತಾಜಾ ಇರುತ್ತದೆ. ವೇವ್ (ಧ್ವನಿಯನ್ನು ಕುಗ್ಗಿಸದ) ಫೈಲಿನಲ್ಲಿ ಮೋನೋ, ಅಂದರೆ ಒಂದೇ ಚಾನೆಲ್, ಹಿಡಿದರೆ ಒಂದು ತಾಸಿಗೆ ಸುಮಾರು 300 ಎಂಬಿ ಆಗುತ್ತದೆ. ಅವತ್ತೇ ಎರಡು ಕಡೆ ನಕಲು ಮಾಡಿ, ಫೈಲಿಗೆ ತಾರೀಖಿನ ಹೆಸರು ಕೊಡಿ.

'ನಿಮ್ಮ ಸಿನಿಮಾ ಜೀವನದ ಬಗ್ಗೆ ಹೇಳಿ' ಎಂದು ಕೇಳಿದರೆ ಪತ್ರಿಕೆಯವರಿಗೆ ನೂರು ಸಲ ಹೇಳಿದ ಉತ್ತರವೇ ಬರುತ್ತದೆ. ಕೈಗೆ ಸಿಗುವ ವಸ್ತು ಹಿಡಿದು ಕೇಳಿ. 'ಅಮ್ಮಾರ, ಮೊದಲನೇ ಪಾರ್ಟಿಗೆ ಉಟ್ಟ ಸೀರಿ ಯಾರದಿತ್ರಿ?' 'ಮದ್ರಾಸಿಗೆ ಹೋಗುವಾಗ ಬುತ್ತಿ ಏನು ಕಟ್ಟಿದ್ರಿ?' 'ಗುಂತಕಲ್ಲಿನ್ಯಾಗ ಎಷ್ಟೊತ್ತು ಕುಂತ್ರಿ?' ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಆಗ ಹುಬ್ಬಳ್ಳಿ-ಗುಂತಕಲ್ ಮಾರ್ಗ ಮೀಟರ್ ಗೇಜು, ಅಂದರೆ ಹಳಿಯ ಅಗಲ ಕಡಿಮೆ. ಕೊಪ್ಪಳ, ಬಳ್ಳಾರಿಯಿಂದ ಹೊರಟವರು ಗುಂತಕಲ್ಲಿನಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ ಹತ್ತಲೇಬೇಕಿತ್ತು. ರಾಯಚೂರು ಬೊಂಬಾಯಿ-ಮದರಾಸು ಮಾರ್ಗದಲ್ಲೇ ಇರುವುದರಿಂದ ಅಲ್ಲಿಯವರಿಗೆ ಗಾಡಿ ಬದಲಿಸುವ ಕೆಲಸವಿರಲಿಲ್ಲ. ಇಂಥ ಒಂದು ವಿವರದಿಂದ ಅವರು ಯಾವ ಊರಿಂದ ಹೊರಟರು ಎಂಬುದೂ ಖಚಿತವಾಗುತ್ತದೆ.

ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಹತ್ತು ಸೆಕೆಂಡು ತಡೆದರೆ ಎಷ್ಟೋ ಸಲ ನಿಜವಾದ ಮಾತು ಆಮೇಲೆ ಬರುತ್ತದೆ. ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ, ಚಹಾ ತರಿಸಿ, ಅವತ್ತಿಗೆ ಮುಗಿಸಿ.

ಇಸವಿ ಹಿಡಿಯುವುದು

ನೆನಪಿನಲ್ಲಿ ಇಸವಿ ಜಾರುತ್ತದೆ, ಘಟನೆ ಜಾರುವುದಿಲ್ಲ. ಹಾಗಾಗಿ 'ಯಾವ ಇಸವಿ?' ಎನ್ನಬೇಡಿ, 'ಡ್ಯಾಮಿನ ನೀರು ಬಿಟ್ಟಿದ್ರೇನ್ರಿ?' ಎನ್ನಿ. ತುಂಗಭದ್ರೆಯ ನೀರು ಕಾಲುವೆಗೆ ಬಂದದ್ದು 1953ರಲ್ಲಿ. ಚೀನಾ ಯುದ್ಧ 1962, ಶಾಸ್ತ್ರಿಯವರು ತೀರಿಕೊಂಡದ್ದು 1966ರ ಜನವರಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1. ಕಂಪನಿಯ ಕ್ಯಾಂಪುಗಳನ್ನು ಜಾತ್ರೆಗಳಿಂದ ಗುರುತಿಸಬಹುದು: ಕೊಪ್ಪಳದ ಗವಿಮಠದ ಜಾತ್ರೆ ಎಂದರೆ ಜನವರಿಯ ಆಸುಪಾಸು, ಮೈಲಾರ ಎಂದರೆ ಭಾರತ ಹುಣ್ಣಿಮೆ, ಫೆಬ್ರವರಿಯ ಆಸುಪಾಸು.

ಹುಟ್ಟಿದ ದಾಖಲೆ ಹುಡುಕುವಾಗ ಒಂದು ತೊಡಕಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದಿನ ಕಡೆಗಿದ್ದವು. ನಿಜಾಮರ ಕಾಲದ ಶಾಲಾ ಕಾಗದಗಳು ಉರ್ದುವಿನಲ್ಲಿರುತ್ತವೆ, ವರ್ಷ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯದ ವರ್ಷದ ಲೆಕ್ಕದಲ್ಲಿ, ಇರುತ್ತದೆ. ಫಸಲಿ 1350 ಎಂದಿದ್ದರೆ 590 ಕೂಡಿಸಿ: 1940. ಆ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದುದರಿಂದ ಘಟನೆ 1941ಕ್ಕೂ ಬೀಳಬಹುದು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹೊಸಪೇಟೆ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. 'ಕೊಪ್ಪಳ ಜಿಲ್ಲೆಯಲ್ಲಿ 1948ರಲ್ಲಿ ಜನಿಸಿದೆ' ಎಂದು ಬರೆಯಬೇಡಿ. 'ಆಗಿನ ರಾಯಚೂರು ಜಿಲ್ಲೆಯ' ಎನ್ನಿ.

ಚಿತ್ರಗಳ ಪಟ್ಟಿ

ಈ ಪಟ್ಟಿಗೆ ಒಂದು ತಿಂಗಳು ಮೀಸಲಿಡಿ, ಪುಸ್ತಕದ ಬೆನ್ನೆಲುಬು ಇದು. ಏಳು ಕಾಲಂ ಹಾಕಿ: ಚಿತ್ರ, ಭಾಷೆ, ಬಿಡುಗಡೆಯಾದ ವರ್ಷ, ಪಾತ್ರ, ಬ್ಯಾನರು, ನಿರ್ದೇಶಕರು, ಆಧಾರ. ಆಧಾರದ ಕಾಲಂನಲ್ಲಿ ಮೂರು ಗುರುತು ಸಾಕು: ಚಿತ್ರವನ್ನೇ ನೋಡಿದ್ದು, ಹಾಡಿನ ಪುಸ್ತಕ ಅಥವಾ ಜಾಹೀರಾತಿನಲ್ಲಿ ಸಿಕ್ಕದ್ದು, ಅವರ ನೆನಪು ಮಾತ್ರ. ಮೂರನೆಯದನ್ನು ಪಟ್ಟಿಯಿಂದ ತೆಗೆಯಬೇಡಿ, ಗುರುತು ಹಾಕಿ ಉಳಿಸಿ.

ಸೆನ್ಸಾರ್ ಪ್ರಮಾಣಪತ್ರದ ತಾರೀಖು ಬಿಡುಗಡೆಯ ತಾರೀಖಲ್ಲ. ಡಿಸೆಂಬರಿನಲ್ಲಿ ಸೆನ್ಸಾರ್ ಆದದ್ದು ಮುಂದಿನ ವರ್ಷ ತೆರೆಗೆ ಬಂದಿರಬಹುದು. ಬಿಡುಗಡೆಗೆ ಹಳೆಯ ಪತ್ರಿಕೆಗಳ ಸಿನಿಮಾ ಜಾಹೀರಾತು ನೋಡಿ. ಪ್ರಜಾವಾಣಿ 1948ರಿಂದ, ಸುಧಾ 1965ರಿಂದ ಇವೆ. 'ನಮ್ಮೂರ ಟಾಕೀಸಿನ್ಯಾಗ ದಸರಾಕ್ಕ ಬಂದಿತ್ತು' ಎಂಬುದು ಆಧಾರವಾಗದು. ಪ್ರಿಂಟುಗಳು ಕಡಿಮೆ ಇದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಓಡಿದ ಚಿತ್ರ ನಮ್ಮ ಕಡೆಗೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. 1964ರಲ್ಲಿ ಆರಂಭವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಾಡಿನ ಪುಸ್ತಕಗಳು, ಪೋಸ್ಟರುಗಳು ಸಿಗುತ್ತವೆ. ಪತ್ರ ಬರೆದು ವಿಚಾರಿಸಿ.

ಹೆಸರುಗಳನ್ನೆಲ್ಲ ಬರೆದಿಟ್ಟುಕೊಂಡು ಹುಡುಕಿ. ಬಳ್ಳಾರಿಯಲ್ಲಿ 1945ರಲ್ಲಿ ಹುಟ್ಟಿ, 1963ರ 'ಜೇನು ಗೂಡು' ಚಿತ್ರದಿಂದ ತೆರೆಗೆ ಬಂದ ಜಯಂತಿಯವರ ಮೊದಲಿನ ಹೆಸರು ಕಮಲಾ ಕುಮಾರಿ. ಮನೆಯ ಹೆಸರು, ಕಂಪನಿಯ ಹೆಸರು, ತೆಲುಗು ಟೈಟಲ್‌ನ ಹೆಸರು ಬೇರೆಬೇರೆ ಇರುವುದು ಸಾಮಾನ್ಯ. ಎರಡು ಭಾಷೆಯಲ್ಲಿ ತೆಗೆದ ಚಿತ್ರ ಮತ್ತು ಡಬ್ಬಿಂಗ್ ಆದ ಚಿತ್ರವನ್ನು ಒಂದೇ ಲೆಕ್ಕಕ್ಕೆ ಸೇರಿಸಿದರೆ ಸಂಖ್ಯೆ ಉಬ್ಬುತ್ತದೆ. ಮುನ್ನೂರು ಚಿತ್ರ ಎಂದು ಬೆನ್ನುಡಿಯಲ್ಲಿ ಹಾಕಿ ಪಟ್ಟಿಯಲ್ಲಿ ನೂರಿಪ್ಪತ್ತಿದ್ದರೆ ಅವರ ಮಾನಕ್ಕೇ ಪೆಟ್ಟು.

ಮಾತಿನಿಂದ ಬರಹಕ್ಕೆ

ಒಂದು ತಾಸಿನ ಮಾತು ಬೆರಳಚ್ಚಾಗಲು ಐದಾರು ತಾಸು ಬೇಕು. ಡೆಮಿ ಅಷ್ಟಾಂಶದ (ಸಾಮಾನ್ಯ ಪುಸ್ತಕದ ಅಳತೆ) 200 ಪುಟಕ್ಕೆ ಸುಮಾರು 45,000 ಪದ ಹಿಡಿಯುತ್ತವೆ. 20ರಿಂದ 25 ತಾಸು ಹಿಡಿದುಕೊಂಡರೆ, ಮತ್ತೆ ಮತ್ತೆ ಬಂದ ಮಾತು ತೆಗೆದು ಅಷ್ಟು ಉಳಿಯುತ್ತದೆ.

ತಿದ್ದುವಾಗ ಆಗುವ ದೊಡ್ಡ ಅನಾಹುತ ಇದು. ಅವರು ಹೀಗೆ ಹೇಳಿದರು ಎನ್ನಿ: 'ರಾತ್ರಿ ಎರಡಕ್ಕ ನಾಟಕ ಬಿಡ್ತಿತ್ತು. ಬಣ್ಣ ತೆಗಿಯಾಕ ಕೊಬ್ರಿ ಎಣ್ಣಿ ಸಾಲ್ತಿದ್ದಿಲ್ಲ. ಅರ್ಧ ಮಾರಿ ತೊಳಕೊಂಡು ಹಂಗ ಮಲಗತಿದ್ವಿ.' ಇದನ್ನು 'ಪ್ರಸಾಧನ ಸಾಮಗ್ರಿಗಳ ಕೊರತೆಯಿಂದ ಕಷ್ಟಪಡುತ್ತಿದ್ದೆವು' ಎಂದು ಬರೆದರೆ ಎಣ್ಣೆಯೂ ಹೋಯಿತು, ಬಣ್ಣ ಉಳಿದ ಅರ್ಧ ಮುಖವೂ ಹೋಯಿತು. ನಿರೂಪಣೆ ಶಿಷ್ಟ ಕನ್ನಡದಲ್ಲಿ ಸಾಗಲಿ, ಸಂಭಾಷಣೆ ಮತ್ತು ಇಂಥ ಸಾಲು ಅವರ ಮಾತಿನಲ್ಲೇ ಇರಲಿ. ಪಾರ್ಟು, ಸೀನು, ಪರದೆ, ಕ್ಯಾಂಪು, ಮಾಸ್ತರು ಎಂಬ ಮಾತುಗಳನ್ನು ಬದಲಿಸಲೇಬೇಡಿ.

ಬದುಕಿರುವವರ ಮೇಲಿನ ಆರೋಪ ಬಂದರೆ ಎಚ್ಚರ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ತೀರಿಕೊಂಡವರ ಬಗ್ಗೆ ಬರೆದರೂ ಅವರ ಕುಟುಂಬ ದೂರು ಕೊಡಬಹುದು. ಅಚ್ಚಿಗೆ ಮುಂಚೆ ವಕೀಲರೊಬ್ಬರಿಗೆ ಓದಲು ಕೊಡಿ.

ಫೋಟೋ, ಅಚ್ಚು

ಅಂಟಿನ ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳಬೇಡಿ, ಗಾಜಿಗೆ ಅಂಟಿದ್ದನ್ನಂತೂ ಮುಟ್ಟಬೇಡಿ. ಮೇಲ್ಪದರ ಗಾಜಿನಲ್ಲೇ ಉಳಿಯುತ್ತದೆ. ಇದ್ದಲ್ಲೇ, ಕಿಟಕಿಯ ಓರೆ ಬೆಳಕಿನಲ್ಲಿ ಕ್ಯಾಮೆರಾದಿಂದ ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಚಿತ್ರದ ಸ್ಟಿಲ್‌ಗಳ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು, ನಟಿಯ ಹತ್ತಿರ ಇದ್ದ ಮಾತ್ರಕ್ಕೆ ಅಚ್ಚು ಹಾಕುವಂತಿಲ್ಲ, ಅನುಮತಿ ಕೇಳಿ. ಹಾಡಿನ ಪೂರ್ತಿ ಸಾಹಿತ್ಯ ಹಾಕಲೂ ಹಾಗೆಯೇ.

'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವೊತ್ತು, ಒತ್ತಕ್ಷರ ತಪ್ಪುತ್ತವೆ, ಸಾಲುಸಾಲಾಗಿ ನೋಡಿ. ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, ಫೋಟೋಗೆ 130 ಜಿಎಸ್‌ಎಂ ಆರ್ಟ್ ಪೇಪರಿನ ಎಂಟು ಪುಟ. ಒಟ್ಟು ಪುಟ 16ರಿಂದ ಭಾಗವಾಗುವಂತೆ ಬರಲಿ, ಇಲ್ಲವಾದರೆ ಕಾಗದ ಹಾಳು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ, ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿ ಬೇಡ. ಗ್ರಂಥಾಲಯ ಇಲಾಖೆಯ ಖರೀದಿಗೆ ಮೊದಲ ಮುದ್ರಣದ ವರ್ಷ ಮುಖ್ಯ, ಅದನ್ನು ಹಕ್ಕುಪುಟದಲ್ಲಿ ಸ್ಪಷ್ಟವಾಗಿ ಹಾಕಿ.

ಕೊನೆಯ ಕರಡನ್ನು 18 ಪಾಯಿಂಟ್ ಅಕ್ಷರದಲ್ಲಿ ತೆಗೆದು ಅವರ ಮುಂದೆ ಕೂತು ಗಟ್ಟಿಯಾಗಿ ಓದಿ, ದಿನಕ್ಕೆ ಇಪ್ಪತ್ತು ಪುಟ ಮೀರದಂತೆ. ಅವರು ಕೈಯೆತ್ತಿ ತಡೆದ ಕಡೆ ಪೆನ್ಸಿಲಿನ ಗೆರೆ ಎಳೆಯಿರಿ, ಪುಟ ಮುಗಿದ ಮೇಲೆ ಅವರಿಂದ ಸಹಿ ಹಾಕಿಸಿಕೊಂಡು ಮುಂದಕ್ಕೆ ಹೋಗಿ.