ಲಂಡನ್ನಿನ ಉಚಿತ ಜಾಝ್ ತರಗತಿಗಳು: ಯಾರಿಗಾಗಿ, ಸೇರುವುದು ಹೇಗೆ

ಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದು ನೆಲೆಸುವ ಕನ್ನಡಿಗರಿಗೆ ಇಲ್ಲಿನ ಸಂಗೀತ ಶಿಕ್ಷಣದ ಏರ್ಪಾಡು ಮೊದಮೊದಲು ಗೊಂದಲ ಹುಟ್ಟಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಓದು ಉಚಿತ; ಆದರೆ ವಾದ್ಯವೊಂದನ್ನು ಪ್ರತ್ಯೇಕವಾಗಿ ಕಲಿಯಬೇಕಾದರೆ ಸಾಮಾನ್ಯವಾಗಿ ಪೋಷಕರೇ ಶುಲ್ಕ ಕೊಡಬೇಕು. ಪ್ರಾಥಮಿಕ ಶಾಲೆಯ ಯಾವುದೋ ಒಂದು ವರ್ಷ ಇಡೀ ತರಗತಿಗೆ ಒಟ್ಟಾಗಿ ಯುಕುಲೇಲಿಯನ್ನೋ ಟ್ರಂಪೆಟನ್ನೋ ಕಲಿಸುವುದುಂಟು. ಆ ವರ್ಷ ಮುಗಿದ ಮೇಲೆ ಕಲಿಕೆ ಮುಂದುವರಿಯುವುದು ಹೆಚ್ಚಾಗಿ ಹಣ ಹೊಂದಿಸಬಲ್ಲ ಮನೆಗಳಲ್ಲಿ. ಸ್ಕಾಟ್ಲೆಂಡ್ 2021ರಲ್ಲಿ ಸರ್ಕಾರಿ ಶಾಲೆಗಳ ವಾದ್ಯಪಾಠದ ಶುಲ್ಕವನ್ನು ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ ಆ ಕಂದರವನ್ನು ತುಂಬುತ್ತಿರುವುದು ಬಹುಮಟ್ಟಿಗೆ ಸಮುದಾಯಗಳು ಕಟ್ಟಿದ ದತ್ತಿಸಂಸ್ಥೆಗಳು. ಅವುಗಳಲ್ಲಿ ಜಾಝ್ ಕಲಿಸುವ ಸಂಸ್ಥೆಗಳಿಗೆ ವಿಶೇಷ ಸ್ಥಾನವಿದೆ. ಅವು ಯಾರ ಅಗತ್ಯದಿಂದ ಹುಟ್ಟಿದವು ಎಂಬುದನ್ನು ತಿಳಿದ ಮೇಲೆಯೇ ನಮ್ಮ ಮಕ್ಕಳ ಅರ್ಜಿಯ ವಿಚಾರಕ್ಕೆ ಬರುವುದು ಸರಿ ಎಂದು ನನ್ನ ಅಭಿಪ್ರಾಯ.

1948ರಲ್ಲಿ ಎಂಪೈರ್ ವಿಂಡ್‌ರಶ್ ಹಡಗು ಬಂದ ನಂತರದ ದಶಕಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದವರಲ್ಲಿ ಅನೇಕ ಸಂಗೀತಗಾರರಿದ್ದರು. ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಅವರಲ್ಲೊಬ್ಬರು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ದಿಕ್ಕಿಲ್ಲದ ಹುಡುಗರಿಗಾಗಿ ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಶಾಲೆಯ ಬ್ಯಾಂಡಿನಲ್ಲಿ ಅವರು ವಾದ್ಯ ಕಲಿತರು. ಕೋಲ್ಕತ್ತದಲ್ಲಿ ಹುಟ್ಟಿದ ಜಾನ್ ಮೇಯರ್ ಅವರೊಂದಿಗೆ 1960ರ ದಶಕದಲ್ಲಿ ಭಾರತೀಯ ಸಂಗೀತವನ್ನೂ ಜಾಝನ್ನೂ ಬೆಸೆದ ಹ್ಯಾರಿಯಟ್, 1973ರಲ್ಲಿ ಬಡತನದಲ್ಲೇ ತೀರಿಕೊಂಡರು. ಅಂಥ ಪ್ರತಿಭೆಗೂ ಈ ದೇಶದಲ್ಲಿ ಗಟ್ಟಿಯಾದ ಆಸರೆ ಸಿಗಲಿಲ್ಲ ಎಂಬ ನೋವು ಇಲ್ಲಿನ ಕಪ್ಪು ಸಮುದಾಯದ ಸಂಗೀತಗಾರರಲ್ಲಿ ಇಂದಿಗೂ ಇದೆ.

ಬಾಸ್ ವಾದಕ ಗ್ಯಾರಿ ಕ್ರಾಸ್ಬಿ ಮತ್ತು ಜನೈನ್ ಐರನ್ಸ್ 1991ರಲ್ಲಿ ಸ್ಥಾಪಿಸಿದ ಟುಮಾರೋಸ್ ವಾರಿಯರ್ಸ್ ಈ ಹಿನ್ನೆಲೆಯ ಸಂಸ್ಥೆ. ಥೇಮ್ಸ್ ನದಿಯ ದಡದಲ್ಲಿರುವ ಸೌತ್‌ಬ್ಯಾಂಕ್ ಸೆಂಟರಿನಲ್ಲಿ ಅದು ಹನ್ನೊಂದರಿಂದ ಇಪ್ಪತ್ತೈದು ವರ್ಷದೊಳಗಿನವರಿಗೆ ಶುಲ್ಕವಿಲ್ಲದೆ ಕಲಿಸುತ್ತದೆ. ಆಫ್ರಿಕನ್ ಮತ್ತು ಕೆರಿಬಿಯನ್ ಮೂಲದವರು, ಹೆಣ್ಣುಮಕ್ಕಳು, ಹಣದ ಅನುಕೂಲವಿಲ್ಲದವರು, ಇವರೇ ಅದರ ಮೊದಲ ಗಮನ. ಇಂದು ಹೆಸರಾದ ಜಾಝ್ ವಾದಕರಾದ ನ್ಯೂಬಿಯಾ ಗಾರ್ಸಿಯಾ, ಮೋಸೆಸ್ ಬಾಯ್ಡ್, ಶಬಾಕ ಹಚಿಂಗ್ಸ್ ಇಲ್ಲಿಂದ ಬೆಳೆದವರು. ಇಲ್ಲಿಯೇ ಜೊತೆಗೂಡಿದ ಎಜ್ರಾ ಕಲೆಕ್ಟಿವ್ 2023ರಲ್ಲಿ, ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಇಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದ ಮೊದಲ ಜಾಝ್ ತಂಡವಾಯಿತು.

ಕಲಿಸುವ ಕ್ರಮ ನಮಗೆ ಅಪರಿಚಿತವಲ್ಲ. ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ಪರೀಕ್ಷೆಯ ದರ್ಜೆಗಳನ್ನು ಏರುವ ಇಲ್ಲಿನ ಸಾಮಾನ್ಯ ದಾರಿಗಿಂತ, ಕಿವಿಯಿಂದ ಹಿಡಿದು, ನುಡಿಸಿ, ಇತರರ ವಾದನಕ್ಕೆ ಸ್ಥಳದಲ್ಲೇ ಉತ್ತರ ಕೊಡುವುದಕ್ಕೆ ಈ ಸಂಸ್ಥೆಯಲ್ಲಿ ಹೆಚ್ಚಿನ ಬೆಲೆ. ಕೇಳ್ಮೆ, ಮನೋಧರ್ಮ ಎಂದು ನಾವು ಕರೆಯುವುದರ ಹತ್ತಿರದ ಬಂಧು ಇದು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇಲ್ಲಿ ಕಲಿತ ಹಿರಿಯರು ಮರಳಿ ಬಂದು ಕಿರಿಯರಿಗೆ ಕಲಿಸುತ್ತಾರೆ.

ಹಾಗಾದರೆ ನಮ್ಮ ಮಕ್ಕಳು ಸೇರಬಹುದೇ? ಇಲ್ಲಿ ಪ್ರಾಮಾಣಿಕತೆ ಬೇಕು. ತಂತ್ರಜ್ಞಾನದ ಕೆಲಸದಲ್ಲಿ ಒಳ್ಳೆಯ ಸಂಬಳ ಪಡೆಯುವ ಕುಟುಂಬವು ಇಂಥ ಸಂಸ್ಥೆಯನ್ನು ಶುಲ್ಕ ಉಳಿಸುವ ತರಗತಿಯೆಂದು ನೋಡಬಾರದು. ಇರುವ ಸ್ಥಾನಗಳು ಕಡಿಮೆ. ಒಂದೊಂದು ಸ್ಥಾನವೂ ಬೇರೆ ದಾರಿಯೇ ಇಲ್ಲದ ಒಂದು ಮಗುವಿನದು. ಅಂಥ ಕುಟುಂಬಗಳಿಗೆ ಖಾಸಗಿ ಶಿಕ್ಷಕರು, ಸ್ಥಳೀಯ ಸಂಗೀತ ಸೇವೆಯ ಶನಿವಾರದ ತರಗತಿಗಳು ಇದ್ದೇ ಇವೆ. ಆದರೆ ಕನ್ನಡಿಗರೆಲ್ಲರೂ ಉಳ್ಳವರಲ್ಲ. ಆರೈಕೆ ಕೇಂದ್ರಗಳಲ್ಲಿ ದುಡಿಯುವವರು, ವಿದ್ಯಾರ್ಥಿ ವೀಸಾದಲ್ಲಿ ಕುಟುಂಬದೊಂದಿಗೆ ಬಂದವರು, ಒಂಟಿಯಾಗಿ ಮಕ್ಕಳನ್ನು ಸಾಕುವವರು ನಮ್ಮಲ್ಲೂ ಇದ್ದಾರೆ. ಅವರು ಸಂಕೋಚಪಡದೆ ಅರ್ಜಿ ಹಾಕಬೇಕು. ಸಾರ್ವಜನಿಕ ನಿಧಿಯನ್ನು ಪಡೆಯಬಾರದೆಂಬ ವೀಸಾ ಷರತ್ತಿಗೆ ಹೆದರಿ ಹಿಂದೆ ಸರಿಯುವವರಿದ್ದಾರೆ. ಆ ಷರತ್ತು ವಲಸೆ ನಿಯಮಗಳು ಪಟ್ಟಿ ಮಾಡಿರುವ ಸರ್ಕಾರಿ ಭತ್ಯೆ ಮತ್ತು ವಸತಿ ನೆರವಿಗೆ ಸಂಬಂಧಿಸಿದ್ದು. ದತ್ತಿಸಂಸ್ಥೆಯ ಸಂಗೀತ ಪಾಠ ಅದರಲ್ಲಿ ಸೇರುವುದಿಲ್ಲ.

ಮೊದಲ ಹೆಜ್ಜೆಯಾಗಿ ಶಾಲೆಯ ಸಂಗೀತ ಶಿಕ್ಷಕರನ್ನು ಭೇಟಿಯಾಗಿ, ನಿಮ್ಮ ಪ್ರದೇಶದ ಮ್ಯೂಸಿಕ್ ಹಬ್ (ಆ ಭಾಗದ ಮಕ್ಕಳ ಸಂಗೀತ ಶಿಕ್ಷಣವನ್ನು ನೋಡಿಕೊಳ್ಳುವ ಸಂಸ್ಥೆಗಳ ಕೂಟ) ಯಾವುದೆಂದು ಕೇಳಿ. ಶಿಕ್ಷಣ ಇಲಾಖೆಯ ಹಣ ಈ ಹಬ್‌ಗಳಿಗೆ ಹರಿಯುತ್ತದೆ. 2024ರ ಸೆಪ್ಟೆಂಬರಿನಿಂದ ಅವುಗಳ ಸಂಖ್ಯೆ 43. ವಾದ್ಯವನ್ನು ಎರವಲು ಕೊಡುವುದು, ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿ ನೀಡುವುದು ಅನೇಕ ಕಡೆ ಇದೆ. ಮಗುವಿಗೆ ಆದಾಯದ ಆಧಾರದ ಮೇಲೆ ಶಾಲೆಯ ಉಚಿತ ಊಟ ಸಿಗುತ್ತಿದ್ದರೆ ಆ ದಾಖಲೆಯನ್ನು ಸಿದ್ಧವಾಗಿಟ್ಟುಕೊಳ್ಳಿ. ರಿಯಾಯಿತಿಗೆ ಸಾಮಾನ್ಯವಾಗಿ ಅದನ್ನೇ ಆಧಾರವಾಗಿ ನೋಡುತ್ತಾರೆ.

ಸ್ಥಾನ ಬೇಡದ ಕುಟುಂಬಗಳೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ಆದಾಯ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಘೋಷಣೆಗೆ ಸಹಿ ಹಾಕಿ ದೇಣಿಗೆ ಕೊಟ್ಟರೆ, ಪ್ರತಿ ಪೌಂಡಿಗೆ 25 ಪೆನ್ಸ್ ಹೆಚ್ಚುವರಿಯಾಗಿ ಸಂಸ್ಥೆಗೆ ಸೇರುತ್ತದೆ. ಮಕ್ಕಳ ನಡುವೆ ಸ್ವಯಂಸೇವಕರಾಗಿ ದುಡಿಯಲು ಡಿಬಿಎಸ್ ತಪಾಸಣೆ (ಅಪರಾಧ ಹಿನ್ನೆಲೆಯ ಪರಿಶೀಲನೆ) ಕೇಳುವುದು ವಾಡಿಕೆ. ಅದನ್ನು ಅಪನಂಬಿಕೆಯೆಂದು ಭಾವಿಸಬೇಕಿಲ್ಲ, ಇಲ್ಲಿ ಎಲ್ಲರಿಗೂ ಒಂದೇ ನಿಯಮ. ಇದೆಲ್ಲಕ್ಕೂ ಮೊದಲು ಒಮ್ಮೆ ಹೋಗಿ ಈ ಸಂಗೀತವನ್ನು ಕಿವಿಯಾರೆ ಕೇಳಿ. ಲ್ಯಾಂಬೆತ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಲು ಹೋಗುವವರು ಅಲ್ಲಿಂದ ನದಿಯ ದಂಡೆಯಗುಂಟ ನಡೆದರೆ ಸೌತ್‌ಬ್ಯಾಂಕ್ ಸೆಂಟರ್ ಸಿಗುತ್ತದೆ, ಅಲ್ಲಿನ ಮೊಗಸಾಲೆಯಲ್ಲಿ ಟಿಕೆಟ್ ಇಲ್ಲದ ಸಂಗೀತ ಕಛೇರಿಗಳು ನಡೆಯುವುದುಂಟು.