ಬೀಗದ ಮೇಲೆ ‘ತೆರೆದಿದೆ’: ದಿನನಿತ್ಯದ ಎಡವಟ್ಟುಗಳಲ್ಲಿ ನಗು ಹಿಡಿಯುವ ಬಗೆ

ಬೀಗ ಹಾಕಿದ ಬಾಗಿಲಿಗೆ ‘24 ಗಂಟೆಯೂ ತೆರೆದಿರುತ್ತದೆ’ ಎಂಬ ಫಲಕ ನೇತಾಡುತ್ತಿರುತ್ತದೆ. ಮುಂದೆ ಹಾದುಹೋಗುವ ಕೆಲವರಿಗೆ ಫಲಕ ಕಾಣುತ್ತದೆ, ಕೆಲವರಿಗೆ ಬೀಗ. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದವರಿಗೆ ಮಾತ್ರ ನಗು. ಒಂದು ವಸ್ತು, ಒಬ್ಬ ಮನುಷ್ಯ ಅಥವಾ ಒಂದು ನಿಯಮ ತಾನು ಇಂಥದ್ದು ಎಂದು ಏನು ಹೇಳಿಕೊಳ್ಳುತ್ತದೆ, ಆ ಹೊತ್ತಿಗೆ ನಿಜವಾಗಿ ಏನು ಮಾಡುತ್ತಿದೆ, ಇವೆರಡನ್ನೂ ಒಂದೇ ನೋಟದಲ್ಲಿ ಹಿಡಿಯುವುದೇ ಇಲ್ಲಿನ ಕೆಲಸವೆಲ್ಲ. ಇದಕ್ಕೆ ಜೋಕು ಹೇಳುವವರ ಧೈರ್ಯ ಬೇಕಿಲ್ಲ, ಹುಟ್ಟಾ ಚತುರರೂ ಆಗಿರಬೇಕಿಲ್ಲ. ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ, ಪೆನ್ನು, ಮತ್ತು ಫೋನಿನಿಂದ ಆಗಾಗ ತಲೆ ಎತ್ತುವ ಅಭ್ಯಾಸ ಸಾಕು.

ನಾಟ್ಯಶಾಸ್ತ್ರ ಬರೆದ ಭರತಮುನಿ ಹಾಸ್ಯರಸವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ: ತಾನೇ ನಕ್ಕರೆ ಆತ್ಮಸ್ಥ, ಇನ್ನೊಬ್ಬರನ್ನು ನಗಿಸಿದರೆ ಪರಸ್ಥ. ಕಲಿಯುವಾಗಲೂ ಇದೇ ಕ್ರಮ ಒಳ್ಳೆಯದು. ಮೊದಲ ಒಂದೆರಡು ವಾರ ಯಾರಿಗೂ ಏನೂ ಹೇಳಬೇಡಿ. ಕಂಡು ನಗುವುದನ್ನಷ್ಟೇ ರೂಢಿಸಿಕೊಳ್ಳಿ. ಹೇಳುವ ಆತುರ ಬಂದೊಡನೆ ಕಣ್ಣು ಮಂದವಾಗುತ್ತದೆ. ಇದ್ದದ್ದನ್ನು ನೋಡುವ ಬದಲು ‘ಇದನ್ನು ಹೇಗೆ ಹೇಳಲಿ’ ಎಂಬ ಲೆಕ್ಕ ತಲೆಯಲ್ಲಿ ಓಡತೊಡಗುತ್ತದೆ.

ಎಲ್ಲಿ ನೋಡಬೇಕು

ಅತ್ಯಂತ ಸಮೃದ್ಧ ಗಣಿ ಎಂದರೆ ಸೂಚನಾ ಫಲಕಗಳು. ‘ಬೇಡಿ’ ಎಂದು ಮುಗಿಯುವ ಪ್ರತಿಯೊಂದು ಸೂಚನೆಯ ಹಿಂದೆಯೂ ಆ ಕೆಲಸವನ್ನು ಮಾಡಿಯೇ ತೀರಿದ ಒಬ್ಬ ಮಹಾನುಭಾವ ಇದ್ದಿರಬಹುದು ಎಂದುಕೊಂಡು ಓದಿ. ಕೂದಲು ಒಣಗಿಸುವ ಕೆಲವು ಯಂತ್ರಗಳ ಜತೆಗೆ ಬರುವ ಕಾಗದದಲ್ಲಿ ‘ನಿದ್ದೆ ಮಾಡುತ್ತಿರುವಾಗ ಬಳಸಬೇಡಿ’ ಎಂಬ ಎಚ್ಚರಿಕೆ ನಿಜಕ್ಕೂ ಇರುತ್ತದೆ. ಇಂಥದ್ದು ಸಿಕ್ಕಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬರೆಯುವ ಹಾಗೆ ಮಾಡಿದವರು ಯಾರು? ಬರೆಯುವಾಗ ಬರೆದವರ ಮನಸ್ಥಿತಿ ಹೇಗಿತ್ತು? ಓದಿದವರು ಇದನ್ನು ಪಾಲಿಸುತ್ತಿದ್ದಾರೆಯೇ?

ಎರಡನೆಯ ಪ್ರಶ್ನೆಗೆ ಉತ್ತರ ಅಕ್ಷರಗಳಲ್ಲೇ ಇರುತ್ತದೆ. ಮುದ್ರಿಸಿದ ಫಲಕ ಆಡಳಿತದ್ದು, ಕೈಬರಹದ ಚೀಟಿ ತಾಳ್ಮೆ ಕಳೆದುಕೊಂಡವರದ್ದು. ಅಡಿಗೆರೆ ಎಷ್ಟಿವೆ ಎಣಿಸಿ, ಆಶ್ಚರ್ಯಸೂಚಕ ಎಷ್ಟು ನೋಡಿ, ಅಂಟಿಸಿದ ಟೇಪಿನ ಉದ್ದವನ್ನೂ ಗಮನಿಸಿ. ಒಂದೇ ಬಾಗಿಲ ಮೇಲೆ ಚೀಟಿಗಳು ಪದರ ಪದರವಾಗಿದ್ದರಂತೂ ಹಬ್ಬ. ಮೊದಲನೆಯದು ಅಚ್ಚು ಹಾಕಿಸಿದ ‘ದಯವಿಟ್ಟು ಬಾಗಿಲು ಮುಚ್ಚಿ’. ಎರಡನೆಯದರಲ್ಲಿ ‘ದಯವಿಟ್ಟು’ವಿನ ಕೆಳಗೆ ಎರಡು ಗೆರೆ. ಮೂರನೆಯದರಲ್ಲಿ ‘ದಯವಿಟ್ಟು’ ಇಲ್ಲ. ಅದರಡಿಯಲ್ಲಿ ಯಾರೋ ಪೆನ್ಸಿಲಿನಲ್ಲಿ: ‘ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ.’ ಮುಖ ನೋಡದ ನಾಲ್ಕು ಜನರ ಜಗಳ ಅಂಗೈಯಗಲದ ಜಾಗದಲ್ಲಿ ನಡೆದುಹೋಗಿರುತ್ತದೆ. ಫಲಕಗಳನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಹೊಸದರಿಂದ ಹಳೆಯದಕ್ಕೆ ಓದುವುದನ್ನು ಅಭ್ಯಾಸ ಮಾಡಿಕೊಂಡರೆ ಇವು ಕಾಣತೊಡಗುತ್ತವೆ. ಕಾಗುಣಿತದ ತಪ್ಪುಗಳೂ ಸಿಗುತ್ತವೆ, ಸುಲಭವಾಗಿಯೇ ಸಿಗುತ್ತವೆ. ಅದಕ್ಕೇ ಅವು ಬೇಗ ಹಳಸುತ್ತವೆ, ಅಲ್ಲೇ ನಿಂತುಬಿಡಬೇಡಿ.

ಮುಂದಿನದು ಜಾಗ ತಪ್ಪಿದ ವಸ್ತುಗಳು. ವೇಷಭೂಷಣದ ವಿಚಾರ ಹೇಳುತ್ತ ಭರತ ಕೊಡುವ ಉದಾಹರಣೆ ಇಂದಿಗೂ ಮಾಸಿಲ್ಲ: ಸೊಂಟದ ಡಾಬನ್ನು ಎದೆಗೆ ಕಟ್ಟಿಕೊಂಡರೆ ಅದು ನಗುವನ್ನಷ್ಟೇ ಹುಟ್ಟಿಸುತ್ತದೆ. ಡಾಬಿನಲ್ಲಿ ದೋಷವಿಲ್ಲ, ಎದೆಯಲ್ಲೂ ಇಲ್ಲ. ನಿಂತುಹೋದ ಗಡಿಯಾರದ ಕೆಳಗೆ ಸಮಯಪಾಲನೆಯ ಘೋಷವಾಕ್ಯ, ‘ಮೌನ ಪಾಲಿಸಿ’ ಎಂದು ಧ್ವನಿವರ್ಧಕದಲ್ಲಿ ಕೂಗುವುದು, ಇವೂ ಇದೇ ಜಾತಿ. ಕೋಣೆಯೊಂದಕ್ಕೆ ಹೊಕ್ಕಾಗ ‘ಇಲ್ಲಿ ಏನು ತನ್ನ ಜಾಗದಲ್ಲಿಲ್ಲ?’ ಎಂದು ಒಂದು ಸುತ್ತು ಕಣ್ಣು ಹಾಯಿಸಿ. ಹತ್ತು ಸೆಕೆಂಡಿನ ಕೆಲಸ.

ಮೂರನೆಯ ಬಗೆ ಮನುಷ್ಯರ ಯಾಂತ್ರಿಕತೆ. ಜೀವಂತ ಮನುಷ್ಯ ಯಂತ್ರದಂತೆ ನಡೆದುಕೊಂಡಾಗ ನಗು ಹುಟ್ಟುತ್ತದೆ ಎಂದು ಫ್ರೆಂಚ್ ತತ್ತ್ವಜ್ಞಾನಿ ಹೆನ್ರಿ ಬರ್ಗ್ಸನ್ 1900ರಲ್ಲಿ ವಾದಿಸಿದ. ಎಲ್ಲ ನಗುವಿಗೂ ಈ ವಿವರಣೆ ಸಾಲದು, ಆದರೆ ಕಣ್ಣಿಗೆ ಕೆಲಸ ಕೊಡಲು ಇದಕ್ಕಿಂತ ಒಳ್ಳೆಯ ಸೂತ್ರ ಸಿಗುವುದು ಕಷ್ಟ. ಫೋನಿನಲ್ಲಿ ದಾರಿ ಹೇಳುವವರು ‘ಅಲ್ಲಿಂದ ಎಡಕ್ಕೆ’ ಎನ್ನುತ್ತ ಕೈಯನ್ನೂ ಎಡಕ್ಕೆ ಬೀಸುತ್ತಾರೆ. ತಪ್ಪು ದಿಕ್ಕಿಗೆ ನಡೆದದ್ದು ಗೊತ್ತಾದವರು ಸೀದಾ ತಿರುಗುವುದಿಲ್ಲ. ಫೋನ್ ತೆಗೆದು, ಏನೋ ಮುಖ್ಯ ಸಂದೇಶ ಬಂದವರಂತೆ ಹುಬ್ಬು ಗಂಟಿಕ್ಕಿ, ಆಮೇಲೆ ತಿರುಗುತ್ತಾರೆ. ಆಗಲೇ ಬೆಳಗುತ್ತಿರುವ ಲಿಫ್ಟಿನ ಗುಂಡಿಯನ್ನು ಹೊಸದಾಗಿ ಬಂದ ಪ್ರತಿಯೊಬ್ಬರೂ ಇನ್ನೊಮ್ಮೆ ಒತ್ತುತ್ತಾರೆ, ಮೊದಲಿನವರು ಸರಿಯಾಗಿ ಒತ್ತಿಲ್ಲವೆಂಬ ಗುಮಾನಿಯಲ್ಲಿ. ಎದುರುಬದುರಾದ ಇಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಕಡೆಗೆ ಸರಿಯುತ್ತಾರೆ, ಮತ್ತೆ ಒಂದೇ ಕಡೆಗೆ.

ಇವನ್ನು ನೋಡಲು ಜನ ಕಾಯುವ ಜಾಗವೇ ಸರಿ: ಸರದಿ ಸಾಲು, ನಿಲ್ದಾಣ, ಲಿಫ್ಟಿನ ಬಾಗಿಲು. ಹತ್ತು ನಿಮಿಷ ಸಾಕು. ಮುಖಗಳನ್ನು ದಿಟ್ಟಿಸಬೇಡಿ. ಅದು ಅವರಿಗೂ ಮುಜುಗರ, ನಿಮಗೂ ಲಾಭವಿಲ್ಲ, ಏಕೆಂದರೆ ಮುಖವನ್ನು ಜನ ಸಂಭಾಳಿಸಿಕೊಂಡಿರುತ್ತಾರೆ. ಕೈಗಳನ್ನು, ಪಾದಗಳನ್ನು ನೋಡಿ. ಅಷ್ಟೇ ಮುಖ್ಯವಾಗಿ, ನಿಮ್ಮದೇ ಯಾಂತ್ರಿಕತೆಯಿಂದ ಆರಂಭಿಸಿ. ಫೋನಿನ ಟಾರ್ಚ್ ಹಾಕಿಕೊಂಡು ಮಂಚದ ಕೆಳಗೆ ಆ ಫೋನನ್ನೇ ಹುಡುಕುವವರು ಬೇರೆ ಯಾರೋ ಅಲ್ಲ. ನಿಮ್ಮ ಮೇಲೆ ನೀವು ನಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಫಾರಂಗಳು, ಪರದೆಗಳು ನಾಲ್ಕನೆಯವು. ‘ಇತರೆ: ವಿವರವಾಗಿ ತಿಳಿಸಿ’ ಎಂದು ಹೇಳಿ ಎಂಟು ಅಕ್ಷರದಷ್ಟು ಜಾಗ ಬಿಟ್ಟಿರುತ್ತಾರೆ. ಖಾತೆ ಮುಚ್ಚಿ ಹೊರಟವರನ್ನು ‘ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ?’ ಎಂದು ಕೇಳುತ್ತಾರೆ. ಹುಟ್ಟಿದ ವರ್ಷದ ಪಟ್ಟಿ ಈ ವರ್ಷದಿಂದಲೇ ಶುರುವಾಗುತ್ತದೆ. ನಿನ್ನೆ ಹುಟ್ಟಿದ ಕೂಸೇನಾದರೂ ಅರ್ಜಿ ತುಂಬಲು ಬಂದರೆ ಅದಕ್ಕೆ ಬಹಳ ಅನುಕೂಲ. ಫಾರಂ ತುಂಬುವಾಗ ಬೇಸರವಾದರೆ, ಅದನ್ನು ರೂಪಿಸಿದವರು ಯಾವ ಬಗೆಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದರು ಎಂದು ಊಹಿಸುತ್ತ ತುಂಬಿ.

ಬರೆದಿಡುವುದು

ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಯೇ ಮೊದಲ ತಪ್ಪು. ಸಂಜೆಗೆ ‘ಏನೋ ತಮಾಷೆ ಇತ್ತಲ್ಲ’ ಎಂಬುದಷ್ಟೇ ಉಳಿದಿರುತ್ತದೆ. ಐದು ನಿಮಿಷದೊಳಗೆ ಬರೆಯಿರಿ, ಎರಡು ಸಾಲಿನಲ್ಲಿ. ಮೊದಲ ಸಾಲು ‘ಆಗಬೇಕಿದ್ದದ್ದು’, ಎರಡನೆಯದು ‘ಆದದ್ದು’. ಮಾತು ಅಥವಾ ಬರಹವಾಗಿದ್ದರೆ ಅದೇ ಪದಗಳನ್ನು, ಅದೇ ಕ್ರಮದಲ್ಲಿ. ಸಾಧ್ಯವಾದರೆ ಕಣ್ಣಿಗೆ ಕಟ್ಟುವ ಒಂದು ವಿವರ: ಬಣ್ಣ, ಸಂಖ್ಯೆ, ಕೈಯಲ್ಲಿದ್ದ ವಸ್ತು.

‘ಲಿಫ್ಟಿನಲ್ಲಿ ಒಬ್ಬರು ತುಂಬ ತಮಾಷೆಯಾಗಿ ನಡೆದುಕೊಂಡರು’ ಎಂಬ ಟಿಪ್ಪಣಿ ಕಸದ ಬುಟ್ಟಿಗೆ. ‘ಲಿಫ್ಟ್ ಕೆಟ್ಟಿದೆ ಎಂಬ ಚೀಟಿ ಲಿಫ್ಟಿನ ಒಳಗಡೆ ಅಂಟಿಸಿದ್ದರು’ ಎಂಬುದು ಒಂದು ವರ್ಷದ ನಂತರವೂ ಜೀವಂತ. ವ್ಯತ್ಯಾಸ ಇಷ್ಟೇ: ಮೊದಲನೆಯದು ತೀರ್ಪು, ಎರಡನೆಯದು ಸಂಗತಿ.

ಪ್ರಮಾಣ: ದಿನಕ್ಕೆ ಮೂರು, ಒಂದು ವಾರ. ಜ್ಯೂರಿಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಅಭ್ಯಾಸವೂ ಇದೇ ಆಗಿತ್ತು. ಆ ದಿನ ಕಂಡ ಮೂರು ತಮಾಷೆಯ ಸಂಗತಿಗಳನ್ನು, ಅವು ಏಕೆ ನಡೆದವು ಎಂಬುದರ ಜತೆ, ಒಂದು ವಾರ ಬರೆಯಬೇಕು. ಹಾಗೆ ಬರೆದವರಲ್ಲಿ ಸಂತೋಷ ಹೆಚ್ಚಿದ್ದು ಕಂಡುಬಂತು. ಆ ‘ಏಕೆ’ಯನ್ನು ಬಿಡಬೇಡಿ, ಕಣ್ಣು ಪಳಗುವುದು ಅದರಿಂದಲೇ.

ಶುರುವಿನ ದಿನಗಳಲ್ಲಿ ಪುಸ್ತಕದ ತುಂಬ ಗೊಣಗಾಟವೇ ತುಂಬಿಕೊಳ್ಳುತ್ತದೆ. ಗಾಬರಿ ಬೇಡ. ದೂರಿಗೂ ಹಾಸ್ಯಕ್ಕೂ ಕಚ್ಚಾವಸ್ತು ಒಂದೇ.

ಗೊಣಗಾಟವನ್ನು ತಿರುಗಿಸುವುದು

ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಸಂಶೋಧಕರು 2010ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಏನೋ ತಪ್ಪಾಗಿದೆ ಎಂದೂ, ಅದರಿಂದ ಅಪಾಯವಿಲ್ಲ ಎಂದೂ ಒಟ್ಟಿಗೇ ಅನ್ನಿಸಿದಾಗ ನಗು ಬರುತ್ತದೆ. ತಪ್ಪೇ ಇಲ್ಲದಿದ್ದರೆ ಸಪ್ಪೆ. ಅಪಾಯವಿದ್ದರೆ ಸಿಟ್ಟು ಅಥವಾ ಅಳು. ಹಾಗಾದರೆ ಮಾಡಬೇಕಾದದ್ದು ಅಪಾಯದಿಂದ ಸ್ವಲ್ಪ ದೂರ ಸರಿಯುವುದು.

ಕಾಲ ಕಳೆದರೆ ದೂರ ತಾನಾಗಿ ಬರುತ್ತದೆ. ಕಾಯಲು ಪುರುಸೊತ್ತಿಲ್ಲದವರಿಗೆ ಕನ್ನಡದಲ್ಲಿ ಒಂದು ಸಿದ್ಧ ಉಪಕರಣವಿದೆ: ಕಚೇರಿ ಭಾಷೆ. ಸಿಟ್ಟು ಬಂದ ಘಟನೆಯನ್ನು ಸರ್ಕಾರಿ ಪತ್ರದ ಧಾಟಿಯಲ್ಲಿ ಬರೆಯಿರಿ. ‘ದಿನಾಂಕ ಸದರಿಯಂದು ಗಾಳಿ ಬೀಸಿದ ಕಾರಣ ಮೇಲ್ಕಂಡ ಕೊಡೆಯು ತನ್ನ ನಿಲುವನ್ನು ಬದಲಿಸಿಕೊಂಡಿದ್ದು, ಕೆಳಗೆ ಸಹಿ ಮಾಡಿದವರು ಸಂಪೂರ್ಣವಾಗಿ ತೊಯ್ದಿರುತ್ತಾರೆ. ಸದರಿ ಕೊಡೆಯಿಂದ ಈವರೆಗೆ ಯಾವುದೇ ಸಮಜಾಯಿಷಿ ಬಂದಿರುವುದಿಲ್ಲ.’ ಭಾಷೆ ಘನಗಂಭೀರ, ವಿಷಯ ಮೂರುಕಾಸಿನದು. ಎರಡರ ನಡುವಿನ ಅಂತರವೇ ಕೆಲಸ ಮಾಡುತ್ತದೆ. ಮೂರ್ನಾಲ್ಕು ವಾಕ್ಯ ದಾಟಿದರೆ ಧಾಟಿ ಬೇಸರ ತರಿಸುತ್ತದೆ. ನಿಜವಾಗಿ ನೋವಾದ ವಿಷಯಕ್ಕೆ ಇದು ಒಗ್ಗುವುದಿಲ್ಲ. ಬರೆಯುತ್ತ ಬರೆಯುತ್ತ ಸಿಟ್ಟು ಏರುತ್ತಿದ್ದರೆ ಪುಸ್ತಕ ಮುಚ್ಚಿ, ಆ ವಿಷಯ ಇನ್ನೂ ಹಸಿ.

ಹೇಳುವುದು

ಬಿಗಿದ ನಿರೀಕ್ಷೆ ಥಟ್ಟನೆ ಕರಗಿ ಏನೂ ಇಲ್ಲವಾದಾಗ ನಗು ಹುಟ್ಟುತ್ತದೆ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1790ರಲ್ಲೇ ಬರೆದ. ಅಂದಮೇಲೆ ಮೊದಲು ನಿರೀಕ್ಷೆ ಕಟ್ಟಬೇಕು. ‘ಒಂದು ತಮಾಷೆ ಹೇಳ್ತೀನಿ ಕೇಳಿ’ ಎಂದು ಶುರುಮಾಡಿದರೆ ಕೇಳುವವರು ತಮಾಷೆಗಾಗಿಯೇ ಕಾಯುತ್ತಾರೆ, ಕುಸಿಯಲು ಏನೂ ಉಳಿಯುವುದಿಲ್ಲ. ಸಾದಾ ಸಂಗತಿಯನ್ನು ಸಾದಾ ದನಿಯಲ್ಲಿ ಮೊದಲು ಹೇಳಿ, ವಿಚಿತ್ರವನ್ನು ಕೊನೆಗೆ ಇಟ್ಟು, ಅಲ್ಲಿಗೆ ಬಾಯಿ ಮುಚ್ಚಿ.

ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಹಾಗಾಗಿ ನಗಿಸುವ ಪದ ಮಧ್ಯದಲ್ಲೇ ಹಾದುಹೋಗಿ, ಕೊನೆಗೆ ಒಣ ‘ಇತ್ತು’, ‘ಮಾಡಿದರು’ ಉಳಿಯುತ್ತದೆ. ‘ಅವರು ಅರ್ಧ ಗಂಟೆ ತಲೆಯ ಮೇಲಿದ್ದ ಕನ್ನಡಕವನ್ನು ಹುಡುಕಿದರು’ ಎಂದರೆ ಗುಟ್ಟು ನಡುವೆಯೇ ರಟ್ಟು. ಕ್ರಿಯೆಯನ್ನು ಮೊದಲೇ ಹೇಳಿ ಮುಗಿಸಿ: ‘ಅರ್ಧ ಗಂಟೆ ಹುಡುಕಿದರು. ಕನ್ನಡಕ ಇದ್ದದ್ದು ತಲೆಯ ಮೇಲೆ.’ ‘ಇದ್ದದ್ದು’, ‘ಬರೆದದ್ದು’, ‘ಸಿಕ್ಕಿದ್ದು’ ಎಂಬ ರೂಪಗಳು ಕೊನೆಯ ಜಾಗವನ್ನು ಬಿಡಿಸಿಕೊಡುತ್ತವೆ. ಇಲ್ಲವೇ ಕ್ರಿಯಾಪದವನ್ನೇ ನುಂಗಿಬಿಡಿ.

ಉದ್ದ ಮೂರ್ನಾಲ್ಕು ವಾಕ್ಯ, ಅರ್ಧ ನಿಮಿಷ. ಉತ್ಪ್ರೇಕ್ಷೆ ಬೇಡ: ‘ನೂರು ಸಲ ಒತ್ತಿದ’ ಎಂದರೆ ಯಾರೂ ನಂಬುವುದಿಲ್ಲ, ‘ಮೂರು ಸಲ ಒತ್ತಿ, ನಾಲ್ಕನೆಯದಕ್ಕೆ ಸುತ್ತ ನೋಡಿ ಒತ್ತಿದ’ ಎಂದರೆ ಎಲ್ಲರೂ ಕಾಣುತ್ತಾರೆ. ಕೇಳುವವರಿಗಿಂತ ಮೊದಲು ನೀವು ನಗಬೇಡಿ. ವಿವರಣೆ ಕೊಡಲೇಬೇಡಿ.

ನಿರೀಕ್ಷೆಯನ್ನೂ ಹದದಲ್ಲಿಡಿ. ಜನ ಒಬ್ಬರೇ ಇರುವಾಗಿನದಕ್ಕಿಂತ ಜತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಎಂದು ನಗುವನ್ನು ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ಹಾಗಾಗಿ ಒಬ್ಬರೇ ಓದಿಕೊಂಡಾಗ ತುಟಿಯಂಚು ಅಲುಗಿದರೆ ಅದೇ ಭರ್ತಿ ಅಂಕ. ಭರತ ಹೇಳುವ ಆರು ನಗೆಗಳಲ್ಲಿ ಹಲ್ಲು ಕಾಣದ ‘ಸ್ಮಿತ’ ಮೊದಲನೆಯದು, ‘ಅತಿಹಸಿತ’ ಕೊನೆಯದು. ಸಣ್ಣ ಎಡವಟ್ಟುಗಳ ಸರಕಿಗೆ ಸ್ಮಿತವೇ ನ್ಯಾಯವಾದ ಬೆಲೆ. ಅತಿಹಸಿತ ಬೇಕೆಂದು ಹಟ ಹಿಡಿದವರೇ ಉತ್ಪ್ರೇಕ್ಷೆಗೆ ಇಳಿಯುವುದು.

ಎಲ್ಲಿ ಕೆಡುತ್ತದೆ

ಹಾಸ್ಯದ ಕಾರಣಗಳ ಪಟ್ಟಿಯಲ್ಲಿ ಭರತ ಅಂಗವೈಕಲ್ಯ ಕಾಣುವುದನ್ನೂ ಸೇರಿಸಿದ್ದಾನೆ. ಈ ಒಂದು ವಿಷಯದಲ್ಲಿ ಅವನ ಮಾತು ಬಿಟ್ಟುಬಿಡಿ. ತೊದಲು, ನಡಿಗೆ, ಉಚ್ಚಾರ, ಹಳೆಯ ಬಟ್ಟೆ, ಓದಲು ಬಾರದಿರುವುದು, ಇವು ಯಾರೂ ಆರಿಸಿಕೊಂಡವಲ್ಲ. ಪರೀಕ್ಷೆ ಸರಳ: ಆ ವ್ಯಕ್ತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರೆ ಅವರೂ ನಗುತ್ತಾರೆಯೇ? ಅನುಮಾನವಿದ್ದರೆ ಪುಸ್ತಕದಲ್ಲೇ ಇರಲಿ. ವಿಚಿತ್ರವಾದ ನಿಯಮ ಕಂಡಾಗ ನಿಯಮದ ಮೇಲೆ ನಗಿ, ಅದನ್ನು ಓದಿ ಹೇಳುವ ಕೆಲಸಕ್ಕಿರುವವರ ಮೇಲಲ್ಲ. ಅವರು ದಿನವಿಡೀ ಅದರ ಜತೆಯೇ ಏಗುತ್ತಿರುತ್ತಾರೆ. ರೋಗಿಗಳ ಬಳಿ, ಸಾವಿನ ಮನೆಯಲ್ಲಿ ತಮಾಷೆ ಪೂರ್ತಿ ನಿಷಿದ್ಧವಲ್ಲ, ಆದರೆ ಮೊದಲ ಹೆಜ್ಜೆ ಅವರದ್ದಾಗಿರಬೇಕು.

ಇನ್ನೊಂದು ರೋಗ, ಎಲ್ಲವನ್ನೂ ತಮಾಷೆಯಾಗಿಸುವುದು. ಎದುರಿನವರು ಕಷ್ಟ ಹೇಳಿಕೊಳ್ಳುತ್ತಿರುವಾಗ ಅವರ ವಾಕ್ಯದೊಳಗಿನ ವಿಚಿತ್ರ ಹೆಕ್ಕಿದರೆ ಅವರು ಮುಂದಿನ ಸಲ ಬೇರೆಯವರ ಬಳಿ ಹೋಗುತ್ತಾರೆ.

ಚಿತ್ರ ತೆಗೆಯುವುದಾದರೆ ಫಲಕದ್ದು, ವಸ್ತುವಿನದ್ದು ಮಾತ್ರ; ಜನರದ್ದು ಬೇಡ, ಬೆನ್ನು ಕಾಣುವಂತೆಯೂ ಬೇಡ. ಹೆಸರು, ಫೋನ್ ಸಂಖ್ಯೆ, ವಾಹನದ ಸಂಖ್ಯೆ ಚಿತ್ರದಲ್ಲಿದ್ದರೆ ಕತ್ತರಿಸಿ. ಕಳಿಸುವಾಗ ಅಡಿಬರಹ, ನಗುಮುಖದ ಚಿಹ್ನೆ ಯಾವುದೂ ಬೇಡ. ‘ಏನಿದು?’ ಎಂದು ಯಾರಾದರೂ ಕೇಳಿದರೆ ‘ಇನ್ನೊಮ್ಮೆ ನೋಡಿ’ ಎಂದಷ್ಟೇ ಹೇಳಿ. ಎರಡನೆಯ ಸಲವೂ ಕಾಣದಿದ್ದರೆ ಸುಮ್ಮನಾಗಿ, ಮುಂದಿನ ಚಿತ್ರವನ್ನು ಬೇರೆ ಯಾರಿಗಾದರೂ ಕಳಿಸಿ.