ಐದಡಿ ಎಂಟಿಂಚಿನ ಗಾರ್ಡ್ ರಿಂಗ್ ಕೆಳಗೆ ಜಾಗ ಹಿಡಿದದ್ದು

ನನ್ನ ಎತ್ತರ ಐದಡಿ ಎಂಟಿಂಚು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಡುವುದು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು. ಬೆಂಗಳೂರಿನ ಒಂದು ಕ್ಲಬ್ ತಂಡಕ್ಕೆ ಸೇರಿದಾಗ ತೂಕ 61 ಕೆಜಿ. ಕಾಲು ಚುರುಕು, ಕೈ ಚುರುಕು, ಡಿಫೆನ್ಸ್‌ಗೆ ಇಷ್ಟು ಸಾಕು ಅಂದುಕೊಂಡಿದ್ದೆ. ಸಾಲದು ಅಂತ ಎದುರು ತಂಡದವರಿಗೆ ಬೇಗ ಗೊತ್ತಾಯಿತು. ಸ್ಕ್ರೀನ್ ಹಾಕಿ, ಅಂದರೆ ಅಡ್ಡ ನಿಂತು ದಾರಿ ಕಟ್ಟಿ, ನಮ್ಮನ್ನು ಸ್ವಿಚ್ ಮಾಡಿಸುತ್ತಿದ್ದರು, ನಾವು ಕಾಯುವ ಆಳು ಅದಲುಬದಲಾಗುತ್ತಿದ್ದ. ಅವರ ಆರಡಿ ಮೂರಿಂಚಿನ ಆಳು ನನ್ನ ಪಾಲಿಗೆ ಬರುತ್ತಿದ್ದ. ಬೆನ್ನು ಕೊಟ್ಟು ಎರಡು ಡ್ರಿಬಲ್, ಎರಡು ಡಿಕ್ಕಿ, ಅಲ್ಲಿಗೆ ರಿಂಗ್ ಕೆಳಗೆ. ನಾನು ಸುಮ್ನೆ ಕೈಯೆತ್ತಿ ಹಾರುತ್ತಿದ್ದೆ.

ಜಿಮ್‌ಗೆ ಸೇರಿದೆ. ಆರು ತಿಂಗಳು ಬರೀ ಎದೆ, ತೋಳು. ಜೆರ್ಸಿಯಲ್ಲಿ ಚೆನ್ನಾಗಿ ಕಾಣುತ್ತಿದ್ದೆ, ಅಷ್ಟೆ. ಫೌಲ್ ಮಾತ್ರ ಜಾಸ್ತಿಯಾಯಿತು. ತೋಳಲ್ಲಿ ಶಕ್ತಿ ಬಂದರೆ ತಳ್ಳೋಣ ಅನ್ನಿಸುತ್ತದಲ್ವಾ? ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲಿ ಐದು ಫೌಲ್ ಆದರೆ ಆಟ ಮುಗಿಯಿತು. ಒಂದು ಪಂದ್ಯದಲ್ಲಿ ಮೂರನೇ ಕ್ವಾರ್ಟರ್‌ಗೇ ನಾನು ಬೆಂಚಿನಲ್ಲಿದ್ದೆ.

ಆ ಪಂದ್ಯ ನೋಡಲು ನಮ್ಮ ದೊಡ್ಡಪ್ಪ ಬಂದಿದ್ದರು. ಮೈಸೂರಲ್ಲಿ ಗರಡಿ ಮಾಡಿದವರು. ಬ್ಯಾಸ್ಕೆಟ್‌ಬಾಲ್‌ನ ಒಂದು ನಿಯಮವೂ ಗೊತ್ತಿಲ್ಲ. "ಲೋ, ಅವನು ಸೊಂಟದಲ್ಲಿ ತಳ್ತಾನೆ, ನೀನು ಕೈಯಲ್ಲಿ ತಡೀತೀಯ. ನಿನ್ನ ಸೊಂಟ ಅವನದಕ್ಕಿಂತ ಕೆಳಗಿರಬೇಕು ಕಣೋ" ಅಂದರು. ಕೋಚ್ ಕೂಡ ಇದನ್ನೇ ಹೇಳಿದ್ದರು. ದೊಡ್ಡಪ್ಪ ಹೇಳಿದಾಗಲೇ ತಲೆಗೆ ಹೋದದ್ದು.

ಅಲ್ಲಿಂದ ಕಾಲಿನ ಕೆಲಸ ಶುರು. ಸ್ಕ್ವಾಟ್, ಡೆಡ್‌ಲಿಫ್ಟ್, ಎರಡು ಕೈಯಲ್ಲೂ ಭಾರದ ಡಂಬೆಲ್ ಹಿಡಿದು ನಡೆಯುವುದು. ಒಂದು ವರ್ಷದಲ್ಲಿ ಸ್ಕ್ವಾಟ್ 50 ಕೆಜಿಯಿಂದ 95ಕ್ಕೆ ಬಂತು, ತೂಕ 67 ಆಯಿತು. ಆದರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಚೆಂಡೇ ಇಲ್ಲದ ಒಂದು ಡ್ರಿಲ್. ನಮ್ಮ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದವನು, ನನಗೆ ಬೆನ್ನು ಕೊಟ್ಟು ತಳ್ಳುತ್ತಾನೆ. ಕಾಲು ಅಗಲ, ಮಂಡಿ ಬಗ್ಗಿಸಿ, ಮಡಿಸಿದ ಮುಂಗೈ ನನ್ನ ಎದೆಗೆ ಹತ್ತಿರ. ಎಂಟು ಸೆಕೆಂಡ್ ಜಾಗ ಬಿಡಬಾರದು. ಮೊದಲ ವಾರ ಮೂರು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತಿತ್ತು.

ಆ ಶಕ್ತಿಯನ್ನು ಯಾವಾಗ ಬಳಸಬೇಕು ಅನ್ನುವುದು ತಡವಾಗಿ ಹೊಳೆಯಿತು. ಚೆಂಡು ಎದುರಿನ ಎತ್ತರದವನ ಕೈಗೆ ಬಂದ ಮೇಲೆ ನನ್ನ ಬಲ ಹೆಚ್ಚು ಕೆಲಸಕ್ಕೆ ಬರಲ್ಲ. ಬರುವ ಮೊದಲು ಬೇಕು. ಅವನು ಪೇಂಟ್ ಕಡೆ, ಅಂದರೆ ರಿಂಗ್ ಮುಂದೆ ಗೆರೆ ಹಾಕಿದ ಜಾಗದ ಕಡೆ, ಓಡಿ ಬರುವಾಗಲೇ ಮೈ ತಾಗಿಸಿ ಅವನಿಗೆ ಬೇಕಾದ ಜಾಗದಲ್ಲಿ ನಾನು ಮೊದಲು ನಿಲ್ಲಬೇಕು. ಪೇಂಟ್ ಒಳಗೆ ಅವನು ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವಂತಿಲ್ಲ. ಹಾಗಾಗಿ ಜಾಗ ಸಿಗದಿದ್ದರೆ ಹೊರಗೆ ಹೋಗಿ ಮತ್ತೆ ಬರಬೇಕು. ಅಷ್ಟರಲ್ಲಿ, ಅವರ ತಂಡ ಶಾಟ್ ಹೊಡೆಯಲೇಬೇಕಾದ 24 ಸೆಕೆಂಡ್‌ನ ಗಡಿಯಾರ ಓಡುತ್ತಿರುತ್ತದೆ.

ಮಾರ್ಕಸ್ ಸ್ಮಾರ್ಟ್ ಆಡಿದ ವಿಡಿಯೋಗಳನ್ನು ಆಗ ತುಂಬಾ ನೋಡಿದೆ. 2021-22ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ವರ್ಷದ ಡಿಫೆಂಡರ್ ಪ್ರಶಸ್ತಿ ಗೆದ್ದ ಗಾರ್ಡ್. 1995-96ರ ಗ್ಯಾರಿ ಪೇಟನ್ ನಂತರ ಯಾವ ಗಾರ್ಡ್‌ಗೂ ಅದು ಸಿಕ್ಕಿರಲಿಲ್ಲ. ಎತ್ತರದವರ ಎದುರು ಅವನು ಹಾರುವುದಕ್ಕಿಂತ ಕೆಳಗೆ ಕೂತು ನಿಲ್ಲುವುದೇ ಜಾಸ್ತಿ. ಚೆಂಡು ಸೊಂಟದ ಮಟ್ಟಕ್ಕೆ ಇಳಿದ ತಕ್ಷಣ ಕೆಳಗಿನಿಂದ ಕೈ ಹಾಕುತ್ತಾನೆ. ಗಿಡ್ಡಗಿರುವ ನಮಗೆ ಚೆಂಡು ಹತ್ತಿರ ಸಿಗುವುದು ಅಲ್ಲೇ.

ಇನ್ನೊಂದು ಕಿತಾಪತಿ ಇದೆ. ಎದುರಾಳಿ ಪೂರ್ತಿ ಭಾರ ಹಾಕಿ ನನ್ನ ಮೇಲೆ ಒರಗಿದಾಗ ಥಟ್ಟನೆ ಹಿಂದೆ ಸರಿಯುವುದು. ಟ್ರಾವೆಲ್, ಅಂದರೆ ಡ್ರಿಬಲ್ ಇಲ್ಲದೆ ಹೆಜ್ಜೆ ಹಾಕಿದ ತಪ್ಪು, ಆಗುತ್ತದೆ, ಇಲ್ಲವೇ ಕೂತೇ ಬಿಡುತ್ತಾನೆ. ಆದರೆ ಮೊದಲು ಗಟ್ಟಿಯಾಗಿ ತಡೆದಿದ್ದರೆ ತಾನೇ ಅವನು ಅಷ್ಟು ಒರಗುವುದು? 61 ಕೆಜಿಯ ನನ್ನ ಮೇಲೆ ಯಾರೂ ಒರಗಬೇಕಾಗಿರಲಿಲ್ಲ. ಪಂದ್ಯಕ್ಕೆ ಒಂದು ಸಲ ಸಾಕು, ಎರಡನೇ ಸಲ ಅವನು ಕಾದಿರುತ್ತಾನೆ.

ಒಂದೇ ಕೈಯಲ್ಲಿ ತಲೆಯ ಮೇಲಿಂದ ಎಸೆಯುವ ಹುಕ್ ಶಾಟ್ ಬರುವ ಎತ್ತರದವನ ಮುಂದೆ ಈಗಲೂ ನನ್ನದೇನೂ ನಡೆಯಲ್ಲ. ಅವನ ಮುಂದೆ ನಿಂತು ಪಾಸ್ ತಡೆಯುತ್ತೇನೆ. ಹಿಂದಿನಿಂದ ಯಾರಾದರೂ ಬರುತ್ತಾರೆ ಅಂತ ನಂಬುತ್ತೇನೆ. ಆ ಆರಡಿ ಮೂರಿಂಚಿನವನು ಹೋದ ಸೀಸನ್‌ನಲ್ಲಿ ಮತ್ತೆ ಸಿಕ್ಕಿದ್ದ. ಎರಡು ಸಲ ಡಿಕ್ಕಿ ಹೊಡೆದ, ನಾನು ಅಲ್ಲಾಡಲಿಲ್ಲ. ತಿರುಗಿ ಹನ್ನೆರಡು ಅಡಿ ದೂರದಿಂದ ಎಸೆದ, ಬಿತ್ತು. ಬೀಳಲಿ. ಅಲ್ಲಿಂದಲೇ ಪಂದ್ಯವಿಡೀ ಎಸೆಯಲಿ, ನನ್ನದೇನೂ ತಕರಾರಿಲ್ಲ.